ಮೆಸೇಜಿನಲ್ಲಿ ಇಲ್ಲದ ಸಾಲು

“ಔಷಧಿ ಸಿಂಪಡಿಸಬೇಡಿ.”

ಬೇಲಿಯಾಚೆಯಿಂದ ಬಂದ ಗಂಡುದನಿಗೆ ಅವಳು ಬೆಚ್ಚಿಬಿದ್ದಳು. ಬೆನ್ನಿಗೆ ಸ್ಪ್ರೇಯರ್ ಏರಿಸಿಕೊಂಡು ಈರುಳ್ಳಿ ಮಡಿಗೆ ಆಗಷ್ಟೇ ಕಾಲಿಟ್ಟಿದ್ದಳು. ಹೊಲದ ಕೆಲಸಕ್ಕೆ ಇಳಿದು ಇನ್ನೂ ವಾರ ತುಂಬಿರಲಿಲ್ಲ. ಟ್ಯಾಂಕಿನ ಭಾರಕ್ಕೆ ಹೆಗಲು ಉರಿಯುತ್ತಿತ್ತು, ಮುಖಕ್ಕೆ ಸುತ್ತಿದ ಬಟ್ಟೆಯೊಳಗೆ ಉಸಿರು ಕಟ್ಟುತ್ತಿತ್ತು. ಅಂಥ ಹೊತ್ತಿನಲ್ಲಿ ಯಾರೋ ಅಪ್ಪಣೆ ಕೊಟ್ಟರೆ ಮೈ ಉರಿಯದೆ ಇರುತ್ತದೆಯೇ.

“ನಮ್ಮ ಹೊಲ, ನಮ್ಮ ಔಷಧಿ. ಬೇಡ ಅನ್ನೋಕೆ ನೀವ್ಯಾರ್ರೀ?”

ಬೇಲಿಯ ಮೇಲೆ ಒಂದು ತಲೆ ಎದ್ದಿತು. ಕೆದರಿದ ಕೂದಲು, ಕೈಯಲ್ಲಿ ಫೋನು, ಮುಖದಲ್ಲಿ ಯಾರದೋ ಮನೆಯ ಬಾಗಿಲನ್ನು ತಪ್ಪಿ ತಟ್ಟಿದವನ ಗಾಬರಿ.

“ನಿಮಗಲ್ಲ ಹೇಳಿದ್ದು. ನಮ್ಮಪ್ಪಂಗೆ ಮೆಸೇಜು ಓದ್ತಾ ಇದ್ದೆ. ಅವರಿಗೆ ಕಿವಿ ಮಂದ, ಅದಕ್ಕೇ ಜೋರು.”

ಅವನ ಹಿಂದೆ ಕಲ್ಲಿನ ಮೇಲೆ ಕೂತಿದ್ದ ಮುದುಕರು, “ಯಾರೋ ಅದು, ಬೈತಾ ಇರೋದು?” ಅಂದರು.

“ಅದು ಮಾತ್ರ ಹೇಗಪ್ಪಾ ಕೇಳಿಸ್ತು ನಿನಗೆ?” ಅಂದ ಅವನು.

ಅವಳಿಗೆ ನಗು ತಡೆಯಲಿಲ್ಲ. ಬಾಯಿ ಬಟ್ಟೆಯೊಳಗಿತ್ತು, ಬಚಾವಾಯಿತು ಅಂದುಕೊಂಡಳು. ಆದರೆ ಕಣ್ಣು ಹೊರಗಿತ್ತಲ್ಲ. ಅವನು ಅದನ್ನು ನೋಡಿಬಿಟ್ಟಿದ್ದ.

“ಏನಂತೆ ಮೆಸೇಜಲ್ಲಿ?” ಅಂದಳು, ದನಿಯಲ್ಲಿ ಸಿಟ್ಟಿನ ಚೂರನ್ನು ಉಳಿಸಿಕೊಂಡು.

ಅವನು ಗಂಟಲು ಸರಿಮಾಡಿಕೊಂಡು ವಾರ್ತೆ ಓದುವವರ ಗತ್ತಿನಲ್ಲಿ ಓದಿದ. “ಇಂದು ಮಧ್ಯಾಹ್ನದಿಂದ ಗಾಳಿ ಜೋರಾಗಿ, ಸಂಜೆ ಹಗುರ ಮಳೆಯಾಗುವ ಸಾಧ್ಯತೆ ಇದೆ. ರೈತ ಬಾಂಧವರು ಔಷಧಿ ಸಿಂಪಡಿಸಬೇಡಿ.” ಫೋನಿನಿಂದ ತಲೆಯೆತ್ತಿದ. “ಹವಾಮಾನ ಕೇಂದ್ರದವರು ದಿನಾ ಬೆಳಗ್ಗೆ ಕಳಿಸ್ತಾರೆ. ಈಗ ಹೊಡೆದ್ರೆ ಅರ್ಧ ಗಾಳಿ ಪಾಲು, ಅರ್ಧ ಮಳೆ ಪಾಲು. ಈರುಳ್ಳಿಗೆ ಏನೂ ಸಿಗಲ್ಲ.”

ಅವಳು ಮೇಲೆ ನೋಡಿದಳು. ಒಗೆದು ಇಸ್ತ್ರಿ ಮಾಡಿದಂತಿದ್ದ ಆಕಾಶ. “ಒಂದು ಮೋಡ ಇಲ್ಲ.”

“ಸಾಧ್ಯತೆ ಅಂದಿದ್ದಾರೆ. ಬಂದೇ ಬರುತ್ತೆ ಅಂದಿಲ್ಲ.”

ಅವಳು ಟ್ಯಾಂಕು ಇಳಿಸಿದಳು. ಹೆಗಲು ನೋಯುತ್ತಿದೆ, ಅದಕ್ಕೆ ಇಳಿಸಿದ್ದು ಎಂದು ತನಗೆ ತಾನೇ ಹೇಳಿಕೊಂಡಳು. ಸಂಜೆ, ಅಕ್ಕನ ಮಗುವಿನ ಬಟ್ಟೆಗಳನ್ನು ಹಗ್ಗದಿಂದ ಬಾಚಿಕೊಂಡು ಒಳಗೆ ಓಡುವಾಗ, ಬೆನ್ನ ಮೇಲೆ ಹನಿ ಬಿತ್ತು.

*

ಅವಳು ಪೇಟೆಯ ಟೈಲರ್. ಬಸ್‌ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದೇ ಶಟರಿನ ಅಂಗಡಿ, ಒಂದು ಹೊಲಿಗೆ ಮಷಿನು, ಗೋಡೆ ತುಂಬ ನೂಲಿನ ಉಂಡೆಗಳು. ಮೂವತ್ತೆರಡು ದಾಟಿತ್ತು. ನೋಡಲು ಬಂದ ಗಂಡುಗಳು ಅವಳನ್ನು ಒಪ್ಪುತ್ತಿದ್ದರು, ಅಂಗಡಿಯನ್ನು ಒಪ್ಪುತ್ತಿರಲಿಲ್ಲ. ಮದುವೆಯಾದ ಮೇಲೆ ಅದೆಲ್ಲ ಯಾಕೆ ಎನ್ನುತ್ತಿದ್ದರು. ಅವಳು ಅಂಗಡಿ ಇಟ್ಟುಕೊಂಡು ಗಂಡುಗಳನ್ನು ಕಳಿಸಿದಳು.

ಈರುಳ್ಳಿ ನಾಟಿಯಾದ ಮರುವಾರವೇ ಭಾವ ಬಾವಿಕಟ್ಟೆಯಿಂದ ಜಾರಿ ಕಾಲು ಮುರಿದುಕೊಂಡಿದ್ದ. ಅಕ್ಕನಿಗೆ ಹಾಸಿಗೆ ಹಿಡಿದ ಗಂಡ, ಹಾಲು ಕುಡಿಯುವ ಮಗು ಎರಡನ್ನೂ ನೋಡಿಕೊಳ್ಳುವುದೇ ಆಗುತ್ತಿತ್ತು. ಒಂದು ಬೆಳೆ ಮುಗಿಯುವವರೆಗೆ ಅಂತ ಅವಳು ಶಟರ್ ಎಳೆದು ಬಂದಳು. ಇದ್ದದ್ದು ಒಂದು ತುಂಡು ಭೂಮಿ. ಆದರೆ ಆ ಮನೆಯ ವರ್ಷವೆಲ್ಲ ಆ ತುಂಡಿನ ಮೇಲೆ ನಿಂತಿತ್ತು.

ಭಾವನಿಗೆ ಮೆಸೇಜುಗಳ ಮೇಲೆ ನಂಬಿಕೆಯಿರಲಿಲ್ಲ. “ಮಳೆ ಬಂದ್ರೆ ತಲೆ ನೆನೆಯುತ್ತೆ, ಅಷ್ಟರಲ್ಲಿ ಗೊತ್ತಾಗಲ್ವಾ?” ಎನ್ನುತ್ತಿದ್ದ. ಅವಳು ಕೇಂದ್ರದವರ ಪಟ್ಟಿಗೆ ತನ್ನ ನಂಬರನ್ನೇ ಸೇರಿಸಿಕೊಂಡಳು. ನಾಲ್ಕಾರು ಮೆಸೇಜು ಬಂದವು. ಅಷ್ಟರಲ್ಲಿ ನೀರು ಕಟ್ಟಲು ಬಗ್ಗಿದಾಗ ಫೋನು ಜಾರಿ ಕಾಲುವೆಗೆ ಬಿತ್ತು. ಪೇಟೆಯ ರಿಪೇರಿಯವನು ಅದನ್ನು ಬಿಚ್ಚಿಟ್ಟುಕೊಂಡು, “ಒಣಗಲಿ, ನೋಡೋಣ” ಅಂದ.

ಮಾರನೆಯ ಬೆಳಗ್ಗೆ ಅವಳೇ ಬೇಲಿಯ ಹತ್ತಿರ ಹೋಗಿ ನಿಂತಳು.

“ಇವ್ರೇ, ನಿಮ್ಮಪ್ಪಂಗೆ ಓದುವಾಗ ಸ್ವಲ್ಪ ಈ ಕಡೆ ತಿರುಗಿ ಓದ್ತೀರಾ?”

ಅವನನ್ನು ಸುತ್ತಲಿನವರು ರೇಡಿಯೋ ಎಂದು ಕರೆಯುತ್ತಿದ್ದರು. ಅಪ್ಪನಿಗೆ ಕೇಳಲಿ ಎಂದು ಅವನು ಕೂಗಿ ಓದುವುದು ಅಕ್ಕಪಕ್ಕದ ಹೊಲಗಳಿಗೂ ತಲುಪುತ್ತಿತ್ತು. ಅವಳ ಬಾಯಲ್ಲಿ ಆ ಹೆಸರು ಹೊರಡಲಿಲ್ಲ. “ಇವ್ರೇ” ಅನ್ನುವುದೇ ಅಭ್ಯಾಸವಾಯಿತು. ಅವನೂ ಅವಳನ್ನು ಹಾಗೇ ಕರೆದ. ಇಬ್ಬರೂ ಒಂದೇ ಹೆಸರಿನವರಾದರು.

ಅಂದಿನಿಂದ ದಿನಾ ಬೆಳಗ್ಗೆ ಅವಳು ಇತ್ತ, ಅವನು ಅತ್ತ, ನಡುವೆ ಎದೆಯೆತ್ತರದ ಬೇಲಿ. ಮುದುಕರು ಕಲ್ಲಿನ ಮೇಲೆ. ಗುರುವಾರ ಮಳೆ ಇದೆ ಅಂದದ್ದಕ್ಕೆ ಅವಳು ಬುಧವಾರ ನೀರು ಕಟ್ಟದೆ ಬಿಟ್ಟಳು, ಪಂಪಿನ ಖರ್ಚು ಉಳಿಯಿತು. ಇಬ್ಬನಿ ಹೆಚ್ಚು, ಎಲೆ ಮಚ್ಚೆ ಬೀಳಬಹುದು ಅಂದದ್ದಕ್ಕೆ ಮಡಿಮಡಿಯಲ್ಲೂ ಬಗ್ಗಿ ನೋಡಿ, ಮೂಲೆಯೊಂದರಲ್ಲಿ ಶುರುವಾಗಿದ್ದನ್ನು ಹಿಡಿದಳು. ಒಮ್ಮೆ ಮಳೆ ಅಂದವರು ಮಳೆ ಕೊಡಲಿಲ್ಲ. ಗೊಬ್ಬರ ಹಾಕಿ ಕಾದು ಕಾದು ಕೊನೆಗೆ ಪಂಪು ಹಾಕಬೇಕಾಯಿತು.

“ಎಲ್ರೀ ನಿಮ್ಮ ಮಳೆ?” ಅಂದಳು ಮರುದಿನ.

“ನಮ್ಮದಾ? ನಾನು ಓದೋನು ಅಷ್ಟೇ.”

“ಓದೋರಿಗೂ ಜವಾಬ್ದಾರಿ ಇರುತ್ತೆ.”

“ಸರಿ, ಉಳಿದ ಮಡಿಗಳಿಗೆ ಇವತ್ತು ಸಂಜೆ ನಾನೇ ನೀರು ಕಟ್ಟಿಕೊಡ್ತೀನಿ.”

“ಖಂಡಿತಾನಾ?”

“ಸಾಧ್ಯತೆ ಇದೆ,” ಅಂದ ಅವನು, ಬಹಳ ಗಂಭೀರವಾಗಿ. ಸಂಜೆ ಬೇಲಿ ನುಸುಳಿ ಬಂದು ಕಟ್ಟಿಯೂ ಕೊಟ್ಟ. ಗುದ್ದಲಿ ಹಿಡಿದು ಬಗ್ಗಿದವನ ಬೆನ್ನಿನ ಮೇಲೆ ಶರ್ಟಿನ ಹೊಲಿಗೆ ಬಿಟ್ಟಿರುವುದು ಅವಳ ಕಣ್ಣಿಗೆ ಬಿತ್ತು. ಟೈಲರ್ ಕಣ್ಣು, ಏನು ಮಾಡುವುದು. ರಾತ್ರಿ ಊಟಕ್ಕೆ ಕೂತಾಗಲೂ ಆ ಬಿಟ್ಟ ಹೊಲಿಗೆಯೇ ಕಣ್ಣಮುಂದೆ ಬರುತ್ತಿತ್ತು.

*

ಫೋನು ರಿಪೇರಿಯಾಗಿ ಬಂತು. ಹಿಂದಿನ ಮೆಸೇಜುಗಳೆಲ್ಲ ಒಂದರ ಮೇಲೊಂದು ಬಂದು ಬಿದ್ದವು. ಅವಳು ಮಂಚದ ಮೇಲೆ ಕೂತು ಓದುತ್ತ ಹೋದಳು. ಓದುತ್ತ ಓದುತ್ತ ನಿಲ್ಲಿಸಿದಳು.

ಎರಡು ದಿನದ ಹಿಂದೆ ಅವನು ಓದಿದ್ದು ಅವಳಿಗೆ ಬಾಯಿಪಾಠವಾಗಿತ್ತು. “ಮಧ್ಯಾಹ್ನ ತಾಪಮಾನ ಹೆಚ್ಚಾಗಲಿದೆ. ಕಳೆ ತೆಗೆಯುವವರು ಹನ್ನೊಂದರ ಮೇಲೆ ನೆರಳಿಗೆ ಬರುವುದು ಒಳ್ಳೆಯದು.” ಫೋನಿನಲ್ಲಿ ತಾಪಮಾನ ಇತ್ತು. ನೆರಳು ಇರಲಿಲ್ಲ.

ಅದರ ಹಿಂದಿನ ದಿನದ್ದು ನೋಡಿದಳು. “ಮುಂಜಾನೆ ಚಳಿ ಇರುತ್ತದೆ. ತೆಳು ಬಟ್ಟೆ ಹಾಕಿಕೊಂಡು ಹೊಲಕ್ಕೆ ಬರುವವರು ಸ್ವೆಟರ್ ಮರೆಯಬಾರದು.” ಚಳಿ ಇತ್ತು, ಸ್ವೆಟರ್ ಇರಲಿಲ್ಲ.

ಹವಾಮಾನ ಕೇಂದ್ರದವರಿಗೆ ತನ್ನ ಸ್ವೆಟರಿನ ಚಿಂತೆ ಯಾಕಿರುತ್ತದೆ? ಅವಳ ಕಿವಿ ಬಿಸಿಯಾಯಿತು. ಫೋನನ್ನು ಕವುಚಿ ಹಾಕಿದಳು. ಮತ್ತೆ ಎತ್ತಿ ಮತ್ತೆ ನೋಡಿದಳು.

ಮರುದಿನ ಫೋನನ್ನು ಬಟ್ಟೆಯ ಚೀಲದ ತಳಕ್ಕೆ ತಳ್ಳಿ ಬೇಲಿಯ ಕಡೆ ಹೊರಟಳು. ಅಕ್ಕ ಮಗುವನ್ನು ತೊಡೆಯ ಮೇಲೆ ತಟ್ಟುತ್ತ ಕೇಳಿದಳು, “ಫೋನ್ ಬಂತಲ್ಲೇ. ಇನ್ನೂ ಬೇಲಿ ಹತ್ರ ಯಾಕೆ?”

“ಅವರು ಚೆನ್ನಾಗಿ ಓದ್ತಾರಕ್ಕ.”

“ಹೂಂ,” ಅಂದಳು ಅಕ್ಕ. “ನೀನು ಕೇಳೋದೂ ಚೆನ್ನಾಗೇ ಇದೆ.”

ಬೇಲಿಯ ಹತ್ತಿರ ಅವನು ಕೇಳಿದ, “ಫೋನ್ ಸರಿಯಾಯ್ತಾ?”

“ಇನ್ನೂ ಒಣಗ್ತಾ ಇದೆಯಂತೆ.”

ಅವನ ಮುಖದಲ್ಲಿ ಒಂದು ಬೆಳಕು ಹಾದುಹೋಯಿತು. ಕೂಡಲೇ ಅದನ್ನು ಅಡಗಿಸಿ, “ಅಯ್ಯೋ ಪಾಪ” ಅಂದ.

ದಿನಗಳು ಹೀಗೆ ಹೋದವು. ಬೆಳಗ್ಗೆ ಮೊದಲು ಒಳಗೆ ಕೂತು ಮೆಸೇಜು ಓದಿಕೊಳ್ಳುವಳು, ಆಮೇಲೆ ಅವನ ಬಾಯಲ್ಲಿ ಕೇಳುವಳು. ಕೇಂದ್ರದ ಮಾತು ಮುಗಿದು ಅವನ ಮಾತು ಶುರುವಾಗುವ ಜಾಗ ಎಲ್ಲಿ ಅಂತ ಅವಳೊಬ್ಬಳಿಗೇ ಗೊತ್ತು. ಅಲ್ಲಿ ಅವನು ಚೂರೇ ಚೂರು ಉಸಿರು ಹಿಡಿಯುತ್ತಿದ್ದ. ಆ ಉಸಿರಿಗೆ ಅವಳು ಕಾಯುತ್ತಿದ್ದಳು. ಬಿಸಿಲು, ಗಾಳಿ, ಇಬ್ಬನಿ ಎಲ್ಲವನ್ನೂ ದಾಟಿಕೊಂಡು ಬಂದು ತನ್ನ ಕಾಲಿಗೆ ಮುಳ್ಳು ಚುಚ್ಚೀತು ಎಂದು ಹೆದರುವ ಆ ಒಂದು ಸಾಲು. ಅದನ್ನು ಹೊಲದ ತುಂಬ ಹೊತ್ತು ತಿರುಗುತ್ತಿದ್ದಳು.

ಆದರೆ ಅವನು ಅದಕ್ಕಿಂತ ಮುಂದೆ ಏನೂ ಹೇಳಲಿಲ್ಲ. ಅವಳೂ ಕೇಳಲಿಲ್ಲ. ಈರುಳ್ಳಿ ಗೆಡ್ಡೆ ಮಾತ್ರ ಮಣ್ಣಿನೊಳಗೆ ದಪ್ಪವಾಗುತ್ತ ಹೋಯಿತು. ಬೆಳೆ ಬೇಗ ಬರಲಿ ಎಂದು ಭಾವ ಹಂಬಲಿಸಿದಷ್ಟೂ ಅವಳಿಗೆ ಎದೆ ಭಾರವಾಗುತ್ತಿತ್ತು.

*

ಈರುಳ್ಳಿ ಸೊಪ್ಪು ಬಾಗಿತು. ಬಾಗಿದರೆ ಬೆಳೆ ಬಲಿತಿದೆ ಎಂದರ್ಥ. ಕಿತ್ತು, ಹೊಲದಲ್ಲೇ ಬಿಸಿಲಿಗೆ ಒಣಗಿಸಿ, ಸೊಪ್ಪು ಕೊಯ್ದು ಮೂಟೆ ಕಟ್ಟಬೇಕು. ಒಣಗುವ ಹೊತ್ತಿಗೆ ಮಳೆ ಬಿದ್ದರೆ ಕೊಳೆತು ಹೋಗುತ್ತದೆ.

“ಮೂಟೆ ಲಾರಿಗೆ ಏರಿದ ಮಾರನೇ ದಿನ ಹೊರಡ್ತೀನಿ,” ಅಂದಳು ಅವಳು ಬೇಲಿಯ ಹತ್ತಿರ, ಒಂದು ಸಂಜೆ. “ಅಂಗಡಿ ಮುಚ್ಚಿ ತುಂಬ ದಿನ ಆಯ್ತು. ಗಿರಾಕಿಗಳು ಬೇರೆ ಕಡೆ ಹೋಗಿಬಿಡ್ತಾರೆ.”

“ಹೌದಲ್ವಾ,” ಅಂದ ಅವನು. ಬೇಲಿಯ ತಂತಿಯ ಮುಳ್ಳೊಂದನ್ನು ಬೆರಳಿನಲ್ಲಿ ತಿರುವುತ್ತ ನಿಂತ. ಮುಳ್ಳು ತಿರುಗಲಿಲ್ಲ.

ಮರುದಿನ ಬೆಳಗ್ಗೆ ಮೆಸೇಜು ಬಂತು. ಅವಳು ಒಳಗೆ ಕೂತು ಓದಿದಳು. “ಇಂದು, ನಾಳೆ ಮತ್ತು ನಾಡಿದ್ದು ಒಣ ಹವೆ. ನಾಡಿದ್ದು ರಾತ್ರಿಯಿಂದ ಭಾರಿ ಮಳೆಯಾಗುವ ಸಾಧ್ಯತೆ ಇದೆ. ಬಲಿತ ಈರುಳ್ಳಿಯನ್ನು ಇಂದೇ ಕಿತ್ತು ಒಣಗಿಸಿ, ಮಳೆಗೆ ಮೊದಲು ಸೂರಿನಡಿಗೆ ಸೇರಿಸಿ.”

ಬೇಲಿಯ ಹತ್ತಿರ ಹೋದಾಗ ಅವನು ಆಗಲೇ ನಿಂತಿದ್ದ. ಗತ್ತಿರಲಿಲ್ಲ, ಗಂಟಲು ಸರಿಮಾಡಿಕೊಳ್ಳಲಿಲ್ಲ.

“ಇಂದು, ನಾಳೆ ಮತ್ತು ನಾಡಿದ್ದು ಒಣ ಹವೆ,” ಎಂದು ಓದಿ ನಿಲ್ಲಿಸಿದ. ಫೋನನ್ನು ಜೇಬಿಗೆ ಇಳಿಸಿದ.

ಅವಳು ಕಾದಳು. “ಅಷ್ಟೇನಾ?”

“ಅಷ್ಟೇ.”

“ಹಾಗಾದ್ರೆ ಅವಸರ ಏನಿಲ್ಲ.”

ಅವನು ನೆಲ ನೋಡುತ್ತ, “ಅವಸರ ಏನಿಲ್ಲ” ಅಂದ.

ಅವಳು ಮಡಿಗಳ ನಡುವೆ ನಡೆದು ಬಂದಳು. ಎದೆಯಲ್ಲಿ ಎರಡು ಒಟ್ಟಿಗೆ ಎದ್ದವು. ನನ್ನನ್ನು ಕಳಿಸಲು ಇವನಿಗೆ ಮನಸ್ಸಿಲ್ಲ ಎಂಬ ಸುಖ. ಅದಕ್ಕಾಗಿ ನನ್ನ ಅಕ್ಕನ ಬೆಳೆಯನ್ನು ಮಳೆಗೆ ಬಿಟ್ಟನಲ್ಲ ಎಂಬ ಸಿಟ್ಟು. ಯಾವುದನ್ನು ಹಿಡಿಯಬೇಕೋ ತಿಳಿಯಲಿಲ್ಲ.

ಆ ಕ್ಷಣವೇ ಆಳುಗಳನ್ನು ಕರೆಯಬಹುದಿತ್ತು. ಕರೆಯಲಿಲ್ಲ. ಇವನು ಬಂದು ಹೇಳುತ್ತಾನೋ ಇಲ್ಲವೋ ನೋಡಬೇಕು ಅನ್ನಿಸಿತು. ಹೇಳದಿದ್ದರೆ ಇಷ್ಟು ದಿನದ ಆ ಸಾಲುಗಳಿಗೆಲ್ಲ ಏನು ಬೆಲೆ?

“ಯಾಕೆ, ಇವತ್ತು ಕೀಳೋದಿಲ್ವಾ?” ಭಾವ ಮಂಚದಿಂದ ಕೇಳಿದ.

“ನಾಳೆ ಶುರು ಮಾಡೋಣ ಭಾವ.”

ನಾಲಿಗೆಯ ಮೇಲೆ ಆ ‘ನಾಳೆ’ ಕಹಿಯಾಗಿತ್ತು. ಒಂದು ಇಡೀ ದಿನದ ಬಿಸಿಲು ಸುಮ್ಮನೆ ಸುರಿದು ಹೋಯಿತು. ಅವನು ಎರಡು ಸಲ ಬೇಲಿಯವರೆಗೆ ಬಂದ. ಬಾಯಿ ತೆರೆದ. ಕುಡಗೋಲು ಇದೆಯಾ ಅಂತ ಒಮ್ಮೆ, ಟೈಮ್ ಎಷ್ಟು ಅಂತ ಒಮ್ಮೆ ಕೇಳಿ ಹೋದ. ಎರಡನೆಯ ಸಲ ಅವನ ಕೈಯಲ್ಲೇ ಫೋನು ಇತ್ತು.

*

ಮಾರನೆಯ ಬೆಳಗ್ಗೆ ಬೇಲಿಯ ಹತ್ತಿರ ಯಾರೂ ಇರಲಿಲ್ಲ. ಮುದುಕರ ಕಲ್ಲೂ ಖಾಲಿ. ಆಗ ಹಿಂದೆ ಗೇಟು ಕಿರುಗುಟ್ಟಿತು. ಇಷ್ಟು ದಿನದಲ್ಲಿ ಅವನು ಆ ಗೇಟಿನಿಂದ ಬಂದದ್ದು ಅದೇ ಮೊದಲು. ಅವನ ಹಿಂದೆ ನಾಲ್ಕೈದು ಆಳುಗಳು, ಎಲ್ಲರಿಗಿಂತ ಹಿಂದೆ ಕೋಲೂರಿಕೊಂಡು ಮುದುಕರು.

ಅವನು ಬಂದು ಎದುರಿಗೆ ನಿಂತ. ನೀರು ಕಟ್ಟಿದ ದಿನ ಬಗ್ಗಿಯೇ ಇದ್ದ; ಬೇಲಿಯಿಲ್ಲದೆ ಹೀಗೆ ನಿಂತರೆ ಅವನು ಇಷ್ಟು ಎತ್ತರ ಅಂತ ಅವಳಿಗೆ ಗೊತ್ತಿರಲಿಲ್ಲ.

“ನಾಳೆ ರಾತ್ರಿ ಭಾರಿ ಮಳೆ ಇದೆ,” ಅಂದ. “ನಿನ್ನೆ ಬೆಳಗ್ಗೇನೇ ಬಂದಿತ್ತು. ನಾನು ಓದಲಿಲ್ಲ. ಮರೆತು ಅಲ್ಲ. ಬೇಕು ಅಂತಾನೇ ಬಿಟ್ಟೆ.”

“ಯಾಕೆ?”

“ಬೆಳೆ ಮುಗಿದ್ರೆ ನೀವು ಹೋಗಿಬಿಡ್ತೀರಿ ಅಂತ.” ಅವನು ತೋಳು ಮಡಚಿಕೊಳ್ಳತೊಡಗಿದ. “ಓದಿ ಮುಗಿಸೋ ಅಷ್ಟು ಧೈರ್ಯ ಆಗ್ಲಿಲ್ಲ. ಆಮೇಲೆ ದಿನಪೂರ್ತಿ ಅನ್ನ ಇಳೀಲಿಲ್ಲ. ಬೈಯಿರಿ. ಆದ್ರೆ ಬೈತಾ ಬೈತಾ ಕೀಳೋಣ, ಹೊತ್ತಿಲ್ಲ.”

ಅವಳು ಸೊಂಟದ ಚೀಲದಿಂದ ಫೋನು ತೆಗೆದು ಅವನ ಮುಂದೆ ಹಿಡಿದಳು. ನಿನ್ನೆಯ ಮೆಸೇಜು ತೆರೆದೇ ಇತ್ತು.

ಅವನು ಓದಿದ. ಫೋನು ನೋಡಿದ, ಅವಳನ್ನು ನೋಡಿದ. “ಇದು ಯಾವಾಗ ಸರಿಯಾಯ್ತು?”

“ಸ್ವೆಟರ್ ಮೆಸೇಜು ಬಂದ ಮೂರನೇ ದಿನಕ್ಕೆ.”

ಅವನ ಮುಖ ಕತ್ತಿನಿಂದ ಶುರುವಾಗಿ ಕಿವಿಯ ತುದಿಯವರೆಗೆ ಕೆಂಪೇರಿತು. “ಅಂದ್ರೆ ನೆರಳು…”

“ನೆರಳೂ ಗೊತ್ತು. ಮುಳ್ಳೂ ಗೊತ್ತು.”

“ಗೊತ್ತಿದ್ದೂ ನಿನ್ನೆ ಯಾಕೆ ಕೀಳಲಿಲ್ಲ?”

“ನೀವು ಬರ್ತೀರೋ ಇಲ್ವೋ ಅಂತ,” ಎಂದಷ್ಟೇ ಹೇಳಿ ತಲೆ ತಗ್ಗಿಸಿದಳು. “ನಾನೂ ತಪ್ಪು ಮಾಡಿದೆ. ಅಕ್ಕನ ಬೆಳೆ ಪಣಕ್ಕಿಟ್ಟೆ.”

“ಏನಂತೋ?” ಮುದುಕರು ಹಿಂದಿನಿಂದ ಕೇಳಿದರು.

“ಏನಿಲ್ಲಪ್ಪ.”

“ಇಷ್ಟು ಹೊತ್ತು ಏನಿಲ್ಲ ಅನ್ನೋದನ್ನೇ ಮಾತಾಡಿದ್ರಾ? ಕೀಳಿ ಬೇಗ.”

*

ಎರಡು ದಿನ ಯಾರೂ ಬೆನ್ನು ನೆಟ್ಟಗೆ ಮಾಡಲಿಲ್ಲ. ಕಿತ್ತದ್ದನ್ನು ಸಾಲಾಗಿ ಹಾಸಿ, ಒಂದು ಸಾಲಿನ ಸೊಪ್ಪು ಪಕ್ಕದ ಸಾಲಿನ ಗೆಡ್ಡೆಗೆ ನೆರಳಾಗುವಂತೆ ಮುಚ್ಚುತ್ತ ಹೋದರು. ಅಕ್ಕ ಮಗುವನ್ನು ಭಾವನ ಪಕ್ಕ ಮಲಗಿಸಿ ತಾನೂ ಇಳಿದಳು. ಅವಳು, ಅವನು ಒಂದೇ ಸಾಲಿನಲ್ಲಿ ಬಗ್ಗಿದ್ದರು. ಕೈಗೆ ಕೈ ತಾಗಿದಾಗ ಇಬ್ಬರೂ ಒಂದೇ ಗೆಡ್ಡೆಯನ್ನು ಬಿಟ್ಟರು, ಇಬ್ಬರೂ ಮತ್ತೆ ಅದನ್ನೇ ಹಿಡಿದರು.

ಮಳೆ ರಾತ್ರಿಯವರೆಗೆ ಕಾಯಲಿಲ್ಲ. ಎರಡನೆಯ ದಿನ ಇಳಿಹೊತ್ತಿಗೇ ಮೋಡ ಕವಿಯಿತು. ಅರ್ಧ ಒಣಗಿದ್ದನ್ನು ಬುಟ್ಟಿಬುಟ್ಟಿಯಾಗಿ ಹೊತ್ತು, ಬೇಲಿಯ ತಂತಿ ಬಿಚ್ಚಿ ದಾರಿ ಮಾಡಿ, ಅವನ ಉದ್ದನೆಯ ಶೆಡ್ಡಿನೊಳಗೆ ಹರಡಿದರು. ಕೊನೆಯ ನಾಲ್ಕು ಸಾಲು ಹೊಲದಲ್ಲಿರುವಾಗಲೇ ಮಳೆ ಧೋ ಎಂದು ಇಳಿಯಿತು. ಅಷ್ಟು ಹೋಯಿತು. ಉಳಿದದ್ದೆಲ್ಲ ಉಳಿಯಿತು.

ಆ ರಾತ್ರಿ ಅವಳು ಅಕ್ಕ ಭಾವ ಇಬ್ಬರ ಮುಂದೆ ಕೂತು ನಡೆದದ್ದನ್ನು ನಡೆದಂತೆ ಹೇಳಿದಳು. ನಾಲ್ಕು ಸಾಲು ತನ್ನಿಂದ ಹೋದದ್ದು ಎಂದಳು.

“ಮಳೆ ಬರುತ್ತೆ ಅಂತ ಎರಡು ದಿನ ಮುಂಚೇನೇ ಹೇಳಿದ್ರಾ ಕೇಂದ್ರದವರು?” ಅಂದ ಭಾವ.

“ಹೂಂ ಭಾವ.”

“ನನ್ನ ನಂಬರೂ ಸೇರಿಸಿಬಿಡು. ಇನ್ಮೇಲೆ ನಾನೇ ಓದ್ಕೋತೀನಿ. ನಿಮ್ಮಿಬ್ಬರನ್ನು ನಂಬ್ಕೊಂಡ್ರೆ ಹೊಟ್ಟೆಗಿಲ್ಲ.”

ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಅವಳಿಗೆ ಮಾತ್ರ ಅಳು ಬಂತು.

ಮೂಟೆಗಳು ಲಾರಿಗೆ ಏರಿದವು. ಮಾರನೆಯ ದಿನ ಅವಳು ಬಸ್ಸು ಹತ್ತಿದಳು. ಅವನು ಬಂದು ಬ್ಯಾಗು ಎತ್ತಿಕೊಟ್ಟ. ಏನೋ ಹೇಳಲು ಹೊರಟ. ಬಸ್ಸಿನ ತುಂಬ ಜನ, ಕಂಡಕ್ಟರ್ ಸೀಟಿ ಊದಿದ. “ಹುಷಾರು” ಅಂದ. ಅವಳು “ಹೂಂ” ಅಂದಳು. ಅಷ್ಟಕ್ಕೇ ಬಸ್ಸು ಹೊರಟಿತು.

*

ಅಂಗಡಿಯಲ್ಲಿ ಕೆಲಸ ಕೈತುಂಬ ಇತ್ತು. ಆದರೂ ಬೆಳಗ್ಗೆ ಶಟರ್ ಎತ್ತಿದ ಕೂಡಲೇ ಏನನ್ನೋ ಕೇಳಲು ಕಿವಿ ನಿಂತುಬಿಡುತ್ತಿತ್ತು. ಬೀದಿಯಲ್ಲಿ ಯಾರಾದರೂ ಗಂಟಲು ಸರಿಮಾಡಿಕೊಂಡರೆ ಮಷಿನಿನ ಚಕ್ರದ ಮೇಲಿನ ಕೈ ತಡೆಯುತ್ತಿತ್ತು. ಒಂದು ಕಾಲರನ್ನು ತಿರುವುಮುರುವಾಗಿ ಹೊಲಿದು ಬಿಚ್ಚಿದಳು. ಫೋನು ಹತ್ತಿರವೇ ಇತ್ತು. ಅವನು ಮಾಡಲಿ ಎಂದು ಇವಳು, ಇವಳಿಗೆ ಕೆಲಸದ ನಡುವೆ ತೊಂದರೆ ಎಂದು ಅವನು. ಹೀಗೆ ವಾರಗಳು ಹೋದವು.

ಒಂದು ಮಧ್ಯಾಹ್ನ ಬಾಗಿಲಿಗೆ ನೆರಳು ಬಿತ್ತು. ತಲೆಯೆತ್ತಿದಳು. ಕಂಕುಳಲ್ಲಿ ಒಂದು ಬಟ್ಟೆಯ ಪೊಟ್ಟಣ ಇಟ್ಟುಕೊಂಡು ಅವನು ನಿಂತಿದ್ದ. ಕೂದಲು ಬಾಚಿದ್ದ. ಬಾಚಿದ್ದರಿಂದ ಬೇರೆ ಯಾರೋ ಅನ್ನಿಸಿತು.

“ಶರ್ಟ್ ಹೊಲಿಸ್ಬೇಕಿತ್ತು,” ಅಂದ.

“ಬನ್ನಿ.”

ಟೇಪು ತೆಗೆದು ಅವನ ಹಿಂದೆ ನಿಂತಳು. ಹೆಗಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಟೇಪು ಹಿಡಿದಳು. ಬೆರಳಿನಡಿಯಲ್ಲಿ ಅವನು ಉಸಿರು ಹಿಡಿದದ್ದು ಗೊತ್ತಾಯಿತು. ಅಳತೆ ನೋಡಿದಳು, ಬರೆಯಲು ಹೋಗುವಷ್ಟರಲ್ಲಿ ಮರೆತಳು. ಮತ್ತೆ ಅಳೆದಳು. ತೋಳು, ಮಣಿಕಟ್ಟು. ಎದೆಯ ಅಳತೆಗೆ ಮುಂದೆ ಬಂದು ನಿಂತು ಟೇಪು ಸುತ್ತಬೇಕು. ಸುತ್ತಿದಳು. ಕಣ್ಣು ಮೇಲೆತ್ತಲಿಲ್ಲ.

“ಯಾವ ಕಾರ್ಯಕ್ಕೆ ಹೊಲಿಸ್ತಿರೋದು?” ಅಂದಳು, ಟೇಪಿನ ಅಂಕಿಗಳಿಗೆ.

“ಮದುವೆಗೆ.”

ಟೇಪು ಅವಳ ಕೈಯಲ್ಲಿ ಹಾಗೇ ನಿಂತಿತು. “ಯಾರದು?”

“ನಂದೇ. ಹುಡುಗೀನ ಇನ್ನೂ ಕೇಳಿಲ್ಲ. ಬಸ್ಸಲ್ಲಿ ಜನ ಜಾಸ್ತಿ ಇದ್ರು.” ಅವನ ದನಿ ಈಗ ಕೂಗುದನಿಯಲ್ಲ, ಅವಳೊಬ್ಬಳಿಗೇ ಮುಟ್ಟುವಷ್ಟು ಮೆಲ್ಲಗಿತ್ತು. “ಇವ್ರೇ, ನಿಮ್ಮನ್ನು ಕಂಡ್ರೆ ನನಗೆ ಬಹಳ ಇಷ್ಟ. ನೀವಿಲ್ಲದೆ ಬೆಳಗ್ಗೆ ಓದೋಕೆ ಮನಸ್ಸೇ ಬರಲ್ಲ. ಅಪ್ಪ ದಿನಾ ಬೈತಾರೆ, ನನಗೆ ಕೇಳಿಸ್ತಿಲ್ಲ ಅಂತ. ನನ್ನನ್ನು ಮದುವೆ ಆಗ್ತೀರಾ?”

ಬೀದಿಯಲ್ಲಿ ಒಂದು ಬಸ್ಸು ಹಾರ್ನ್ ಹೊಡೆದು ಹೋಯಿತು. ಅವಳು ಅವನ ಎದೆಯಿಂದ ಟೇಪು ಬಿಡಿಸಿಕೊಂಡು ಕೈಗೆ ಸುತ್ತುತ್ತ ಮಷಿನಿನ ಹತ್ತಿರ ಹೋದಳು. ಅದರ ಮೇಲೆ ಅಂಗೈ ಇಟ್ಟು, ಅವನ ಕಡೆ ಬೆನ್ನು ಮಾಡಿ ನಿಂತಳು. ಕಣ್ಣು ಒರೆಸಿಕೊಂಡ ಮೇಲೆ ತಿರುಗಿದಳು.

“ನಿಮ್ಮ ಪಡಸಾಲೇಲಿ ಬೆಳಕು ಹೇಗಿರುತ್ತೆ?”

ಅವನಿಗೆ ಅರ್ಥವಾಗಲಿಲ್ಲ. “ಬೆಳಗ್ಗೆ ಚೆನ್ನಾಗಿರುತ್ತೆ. ಮಧ್ಯಾಹ್ನ ಸುಮಾರು. ಯಾಕೆ?”

“ಹೊಲಿಯೋಕೆ ಮಧ್ಯಾಹ್ನಾನೂ ಬೆಳಕು ಬೇಕು,” ಅಂದಳು ಅವಳು. “ಮಷಿನು ಬರೋಕೆ ಮುಂಚೆ ಒಂದು ಕಿಟಕಿ ತೆಗೆಸಿ. ದೊಡ್ಡದಾಗಿರಲಿ.”